ಅಜ್ಜಿಯ ಕಣ್ಣು, ಹಳೆಯ ಲೆನ್ಸು



ರೇಡಿಯೋದಲ್ಲಿ ಕೂತು ಫೋಟೋ ವಿಷಯ ಮಾತಾಡುವುದೆಂದರೆ ಹೋಳಿಗೆಯ ರುಚಿಯನ್ನು ಕಾಗದ ಬರೆದು ತಿಳಿಸಿದ ಹಾಗೆ. ನಿಮಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಕೇಳಿಸಲು ಎರಡು ಸದ್ದುಗಳಿವೆ. ಮೊದಲನೆಯದು ಇದು: ಟಿಕ್, ಟಿಕ್. ಹಳೆಯ ಲೆನ್ಸಿನ ಅಪರ್ಚರ್ ಉಂಗುರವನ್ನು, ಅಂದರೆ ಬೆಳಕು ಒಳಬರುವ ಬಾಯಿಯನ್ನು ಹಿರಿದು ಕಿರಿದು ಮಾಡುವ ಉಂಗುರವನ್ನು, ಬೆರಳಿನಿಂದ ತಿರುಗಿಸಿದಾಗ ಬರುವ ಸದ್ದು. ಎರಡನೆಯದು: ಠಪ್. ಡಿಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯೊಳಗಿನ ಕನ್ನಡಿ ಮೇಲೆದ್ದು ಮತ್ತೆ ಕೆಳಗೆ ಕೂತ ಸದ್ದು. ಮೊದಲನೆಯ ಸದ್ದಿಗೆ ಅರುವತ್ತು ವರ್ಷ ದಾಟಿದರೂ ಅದು ಇನ್ನೂ ಬದುಕಿದೆ. ಎರಡನೆಯದು ನಮ್ಮ ಕಣ್ಣೆದುರೇ ಮರೆಯಾಗುತ್ತಿದೆ. ದೊಡ್ಡ ಕ್ಯಾಮೆರಾ ಕಂಪನಿಗಳಲ್ಲಿ ಪೆಂಟಾಕ್ಸ್ ಒಂದನ್ನು ಬಿಟ್ಟರೆ ಮಿಕ್ಕವರ ಗಮನವೆಲ್ಲ ಈಗ ಕನ್ನಡಿ ಇಲ್ಲದ ಕ್ಯಾಮೆರಾದ ಮೇಲೆ, ಅಂದರೆ ಮಿರರ್‌ಲೆಸ್ ಮೇಲೆ.

ಹಾಗಾದರೆ ಮನೆಯ ಕಪಾಟಿನಲ್ಲಿರುವ ಹಳೆಯ ಲೆನ್ಸುಗಳ ಗತಿ ಏನು? ಅದರಲ್ಲೂ ಮನುಷ್ಯರ ಮುಖ ತೆಗೆಯಲೆಂದೇ ಮಾಡಿದ ಲೆನ್ಸುಗಳ ಗತಿ? ನಾನು ವೃತ್ತಿಯ ಛಾಯಾಗ್ರಾಹಕನಲ್ಲ. ಆದರೆ ಒಂದೇ ಲೆನ್ಸನ್ನು ಎರಡೂ ಬಗೆಯ ಕ್ಯಾಮೆರಾಕ್ಕೆ ಹಾಕಿ ಒಂದೇ ಮುಖವನ್ನು ವರ್ಷಗಟ್ಟಲೆ ತೆಗೆದವನು. ಆ ಮುಖ ನಮ್ಮ ಅಜ್ಜಿಯದು.

ಲೆನ್ಸ್ ನನ್ನ ಕೈಗೆ ಬಂದದ್ದು ಸಾಗರ ಪೇಟೆಯಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಸ್ಟುಡಿಯೋದಿಂದ. ಯಜಮಾನರು ಕುಡಿಕೆ ನಿಧಿಯ ಹಾಗೆ ಒಂದು ಬಿಸ್ಕತ್ತಿನ ಡಬ್ಬಿಯಿಂದ ಅದನ್ನು ತೆಗೆದರು. ನಿಕ್ಕಾರ್ 105 ಮಿಲಿಮೀಟರ್, ಎಫ್ 2.5. ಕಪ್ಪು ಬಣ್ಣ ಅಂಚಿನಲ್ಲೆಲ್ಲ ಸವೆದು ಒಳಗಿನ ಹಿತ್ತಾಳೆ ಇಣುಕುತ್ತಿತ್ತು. "ಇದರಲ್ಲಿ ಎಷ್ಟು ಮದುಮಕ್ಕಳನ್ನು ನೋಡಿದೀನೋ ಲೆಕ್ಕ ಇಲ್ಲ ಮಾರಾಯ್ರೆ" ಅಂದರು. ಕೊಟ್ಟ ದುಡ್ಡನ್ನು ಎಣಿಸದೆ ಜೇಬಿಗೆ ಹಾಕಿಕೊಂಡರು. ಫೋಕಸ್ ಉಂಗುರ ತಿರುಗಿಸಿದರೆ ತುಪ್ಪದಲ್ಲಿ ಬೆರಳಾಡಿಸಿದಷ್ಟು ನಯ.

ಈ ಲೆನ್ಸಿಗೆ ಒಂದು ಚರಿತ್ರೆ ಇದೆ. 1959ರಲ್ಲಿ ನಿಕಾನ್ ಕಂಪನಿ ತನ್ನ ಎಫ್ ಎಂಬ ಕ್ಯಾಮೆರಾವನ್ನು ಹೊರತಂದಾಗಲೇ ಅದರ ಜೊತೆಗೆ ಬಂದ ಮೊದಲ ಲೆನ್ಸುಗಳಲ್ಲಿ ಇದೂ ಒಂದು. 1971ರ ಸುಮಾರಿಗೆ ಒಳಗಿನ ಗಾಜಿನ ಜೋಡಣೆಯನ್ನು ಬದಲಿಸಿದರು; ಹೆಸರು ಮತ್ತು ಅಳತೆ ಅದೇ ಉಳಿಯಿತು. 1984ರ ಕೊನೆಯಲ್ಲಿ ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ಎಂಬ ಅಮೆರಿಕದ ಛಾಯಾಗ್ರಾಹಕರು ಹಸಿರು ಕಣ್ಣಿನ ಒಬ್ಬ ಅಫ್ಘನ್ ಹುಡುಗಿಯ ಚಿತ್ರ ತೆಗೆದರು. ಮರುವರ್ಷ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಅದು ಬಂತು. ನೀವೂ ಎಲ್ಲಾದರೂ ನೋಡಿರುತ್ತೀರಿ. ಕೆಂಪು ಹೊದಿಕೆ, ನೆಟ್ಟ ದೃಷ್ಟಿ. ಆ ಚಿತ್ರ ತೆಗೆದದ್ದು ಇದೇ ಜಾತಿಯ 105ರಲ್ಲಿ. ಇದನ್ನು ಹೇಳಿದರೆ ಸ್ಟುಡಿಯೋ ಯಜಮಾನರು ನಕ್ಕರು. "ಅಷ್ಟು ಒಳ್ಳೆಯ ಕಣ್ಣು ನಮ್ಮ ಸ್ಟುಡಿಯೋಕ್ಕೆ ಬರಲಿಲ್ಲ, ನೋಡಿ."

ಮುಖಕ್ಕೆ ಬೇರೆಯೇ ಒಂದು ಲೆನ್ಸ್ ಯಾಕೆ ಅಂತ ಕೇಳಬಹುದು. ಕಾರಣ ದೂರದಲ್ಲಿದೆ. ಅರ್ಧ ಮೀಟರ್ ಹತ್ತಿರ ಹೋಗಿ ಮುಖ ತೆಗೆದರೆ ಮೂಗಿನ ತುದಿ ಕಿವಿಗಿಂತ ಬಹಳ ಹತ್ತಿರವಾಗಿ ಬಿಡುತ್ತದೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಮುಖಕ್ಕಿಂತ ಮೂಗೇ ಭಾರ. ಮೊಬೈಲ್ ಸೆಲ್ಫಿಯಲ್ಲಿ ನಾವೆಲ್ಲ ಸ್ವಲ್ಪ ಗಣಪತಿಯ ವಂಶದವರಂತೆ ಕಾಣುವುದು ಇದರಿಂದಲೇ. ಒಂದೂವರೆ ಎರಡು ಮೀಟರ್ ಹಿಂದೆ ಸರಿದರೆ ಮೂಗು, ಕಿವಿ, ಗಲ್ಲ ತಮ್ಮ ತಮ್ಮ ಅಳತೆಗೆ ಬರುತ್ತವೆ. ಅಷ್ಟು ದೂರದಿಂದ ಮುಖ ಚೌಕಟ್ಟು ತುಂಬಬೇಕಾದರೆ 85ರಿಂದ 135 ಮಿಲಿಮೀಟರಿನ ಲೆನ್ಸ್ ಬೇಕು. ಒಳಗಿನ ಮಂದ ಬೆಳಕಿಗೆ ಬಾಯಿ ಅಗಲವಾಗಿರಬೇಕು, ಅಂದರೆ ಎಫ್ ಸಂಖ್ಯೆ ಚಿಕ್ಕದಿರಬೇಕು. ಈ ಅಗಲ ಬಾಯಿಯ ಹುಡುಕಾಟ ಫೋಟೋಗ್ರಫಿಯಷ್ಟೇ ಹಳೆಯದು. 1840ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರ್ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಎಫ್ 3.6ರ ಆಸುಪಾಸಿನ ಲೆನ್ಸ್ ರೂಪಿಸಿದರು. ಅದಕ್ಕೆ ಮುಂಚಿನ ಲೆನ್ಸಿಗಿಂತ ಹದಿನೈದು ಪಟ್ಟಿನಷ್ಟು ಬೆಳಕು. ಆರಂಭದ ದಿನಗಳಲ್ಲಿ ಕುತ್ತಿಗೆಗೆ ಹಿಂದಿನಿಂದ ಕಬ್ಬಿಣದ ಕೊಕ್ಕೆಯ ಆಸರೆ ಕೊಟ್ಟು ನಿಮಿಷಗಟ್ಟಲೆ ಅಲುಗಾಡದೆ ಕೂರಿಸುತ್ತಿದ್ದರು. ಪೆಟ್ಸ್‌ವಾಲರ ಲೆಕ್ಕಕ್ಕೆ ಸಹಾಯ ಮಾಡಿದವರು ಆಸ್ಟ್ರಿಯದ ಸೈನ್ಯದ ಫಿರಂಗಿ ದಳದವರು. ಗುಂಡು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿ ಪಳಗಿದವರು ಬೆಳಕು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿದರು. ಇದು ನನಗೆ ಯಾವತ್ತೂ ಇಷ್ಟದ ಸಂಗತಿ.

ಸರಿ, ಅಜ್ಜಿಯ ಹತ್ತಿರ ಬರೋಣ.

ನಮ್ಮ ಮನೆಯ ಜಗಲಿಯಲ್ಲಿ ಬೆಳಗಿನ ಎಂಟರಿಂದ ಒಂಬತ್ತರವರೆಗೆ ಒಂದು ಬೆಳಕು ಬರುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಜಗಲಿಯ ಕಂಬದ ಪಕ್ಕ ಕೂತವರ ಕೆನ್ನೆಗೆ ಕೆಳಗಿನಿಂದ ತಾಗುತ್ತದೆ. ಅಜ್ಜಿ ಕವಳದ ಹರಿವಾಣ ಮುಂದಿಟ್ಟುಕೊಂಡು ಅಲ್ಲೇ ಕೂರುತ್ತಿದ್ದಳು. ನನ್ನ ಆಗಿನ ಕ್ಯಾಮೆರಾ ಆರಂಭದ ದರ್ಜೆಯ ಡಿಎಸ್‌ಎಲ್‌ಆರ್, ಚಿಕ್ಕ ಸೆನ್ಸರಿನದು. ಲೆನ್ಸ್ ಹಾಕಿದೆ, ಸಲೀಸಾಗಿ ಕೂತಿತು. ಗುಂಡಿ ಒತ್ತಿದೆ. ಬೆಳಕಿನ ಅಳತೆ ಇಲ್ಲ. ಮೀಟರ್ ನಿದ್ದೆ ಹೋದಂತೆ ಸುಮ್ಮನಿದೆ.

ಇದರ ಒಳಗುಟ್ಟು ಹೀಗೆ. 1977ರಲ್ಲಿ ನಿಕಾನ್ ತನ್ನ ಲೆನ್ಸುಗಳ ಅಪರ್ಚರ್ ಉಂಗುರದ ಹಿಂಬದಿಗೆ ಒಂದು ಮೆಟ್ಟಿಲು ಕಡೆಯಿತು. ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಮೌಂಟಿನ ಸುತ್ತ ಇರುವ ಸಣ್ಣ ನಾಲಗೆ ಈ ಮೆಟ್ಟಿಲಿಗೆ ತಾಗಿ, ಅಪರ್ಚರ್ ಎಷ್ಟರಲ್ಲಿದೆ ಎಂದು ಕ್ಯಾಮೆರಾಕ್ಕೆ ಹೇಳುತ್ತದೆ. ಇದಕ್ಕೆ ಎಐ ಎಂದು ಹೆಸರು. ಈಗಿನ ಕೃತಕ ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಡಿ200, ಡಿ300, ಡಿ700, ಡಿ7000, ಡಿ750ರಂಥ ಕ್ಯಾಮೆರಾಗಳಲ್ಲಿ ಈ ನಾಲಗೆ ಇದೆ. ಮೆನುವಿನಲ್ಲಿ 105, 2.5 ಎಂದು ಒಮ್ಮೆ ಬರೆದಿಟ್ಟರೆ ಮೀಟರ್ ಎದ್ದು ಕೂರುತ್ತದೆ. ಡಿ3000, ಡಿ5000 ಸಾಲಿನ ಅಗ್ಗದ ಕ್ಯಾಮೆರಾಗಳಲ್ಲಿ ನಾಲಗೆ ಇಲ್ಲ. 2017ರ ಡಿ7500ರಲ್ಲೂ ಅದನ್ನು ತೆಗೆದುಬಿಟ್ಟರು. ತಮಾಷೆ ಅಂದರೆ, 1977ಕ್ಕಿಂತ ಹಿಂದಿನ, ತಿದ್ದುಪಡಿ ಆಗದ ಲೆನ್ಸನ್ನು ನಾಲಗೆಯಿರುವ ದುಬಾರಿ ಕ್ಯಾಮೆರಾಕ್ಕೆ ಬಲವಂತವಾಗಿ ಹಾಕಿದರೆ ನಾಲಗೆ ಮುರಿಯುತ್ತದೆ. ನಾಲಗೆಯೇ ಇಲ್ಲದ ಅಗ್ಗದ ಕ್ಯಾಮೆರಾಕ್ಕೆ ಆ ಭಯವಿಲ್ಲ. ಬಡವನಿಗೆ ಕಳ್ಳರ ಕಾಟವಿಲ್ಲ.

ಮೀಟರ್ ಇಲ್ಲದಿದ್ದರೆ ನನಗೇನೂ ನಷ್ಟವಾಗಲಿಲ್ಲ. ಒಂದು ಫೋಟೋ ತೆಗೆ, ಹಿಂದಿನ ಪರದೆಯಲ್ಲಿ ನೋಡು, ಶಟರ್ ಹೆಚ್ಚುಕಡಿಮೆ ಮಾಡು. ಜಗಲಿಯ ಬೆಳಕು ಅರ್ಧ ಗಂಟೆ ಬದಲಾಗುವುದಿಲ್ಲ. ಸೋತದ್ದು ಫೋಕಸ್‌ನಲ್ಲಿ.

ಲೆಕ್ಕ ಹಾಕಿ ನೋಡಿ. ಒಂದೂವರೆ ಮೀಟರ್ ದೂರ, 105 ಮಿಲಿಮೀಟರ್, ಎಫ್ 2.5, ಚಿಕ್ಕ ಸೆನ್ಸರ್. ಚೂಪಾಗಿ ಕಾಣುವ ಪದರದ ದಪ್ಪ ಸುಮಾರು ಎರಡು ಸೆಂಟಿಮೀಟರ್. ನಮ್ಮ ಅಂಗಳದ ಭಾಷೆಯಲ್ಲಿ ಹೇಳುವುದಾದರೆ ಒಂದು ಸುಲಿದ ಅಡಿಕೆಯ ದಪ್ಪ. ಅಷ್ಟರೊಳಗೆ ಅಜ್ಜಿಯ ಕಣ್ಣು ಇರಬೇಕು. ಅಜ್ಜಿಯೋ ಕವಳ ಜಗಿಯುತ್ತಿದ್ದಾಳೆ. ಜಗಿಯುವಾಗ ತಲೆ ಹಿಂದೆ ಮುಂದೆ ಆಡುತ್ತದೆ; ನಡುವೆ ಅಂಗಳಕ್ಕೆ ಬಂದ ಮಂಗನನ್ನು ಗದರಿಸಲು ಮುಂದೆ ಬಾಗುತ್ತಾಳೆ. ನಾನು ವ್ಯೂಫೈಂಡರಿನಲ್ಲಿ ಕಣ್ಣು ಚೂಪಾಗಿದೆ ಎಂದು ಕಂಡು ಠಪ್ ಅನ್ನಿಸುತ್ತೇನೆ. ಮನೆಯೊಳಗೆ ಹೋಗಿ ಕಂಪ್ಯೂಟರಿನಲ್ಲಿ ತೆರೆದರೆ ಚೂಪಾಗಿರುವುದು ಕನ್ನಡಕದ ಚೌಕಟ್ಟು. ಇನ್ನೊಂದರಲ್ಲಿ ಕಿವಿಯ ಓಲೆ. ಮತ್ತೊಂದರಲ್ಲಿ ಮೂಗಿನ ಮೇಲಿನ ಬೊಟ್ಟು ಬಹಳ ಸೊಗಸಾಗಿದೆ. ಆ ಬೆಳಿಗ್ಗೆ ಮೂವತ್ತಕ್ಕೂ ಹೆಚ್ಚು ತೆಗೆದೆ. ಕಣ್ಣು ಸಿಕ್ಕಿದ್ದು ನಾಲ್ಕರಲ್ಲಿ.

ನನ್ನ ಕಣ್ಣಿನ ದೋಷ ಅಂದುಕೊಂಡೆ. ಅರ್ಧ ಅದೂ ಹೌದು. ಉಳಿದರ್ಧ ಕನ್ನಡಿಯದು. ಡಿಎಸ್‌ಎಲ್‌ಆರ್‌ನಲ್ಲಿ ಬೆಳಕಿಗೆ ಎರಡು ದಾರಿ. ಚಿತ್ರ ತೆಗೆಯುವ ಮುಂಚೆ ಓರೆಯಾಗಿ ಕೂತ ಕನ್ನಡಿಗೆ ಬಡಿದು ಮೇಲಕ್ಕೆ ಹೋಗಿ, ಒಂದು ಮಸಕು ಪರದೆಯ ಮೇಲೆ ಬಿದ್ದು, ಪ್ರಿಸಮ್ ಸುತ್ತಿ ನಮ್ಮ ಕಣ್ಣಿಗೆ ಬರುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಕನ್ನಡಿ ಸರಿದು ಬೆಳಕು ನೆಟ್ಟಗೆ ಸೆನ್ಸರಿಗೆ ಹೋಗುತ್ತದೆ. ಎರಡೂ ದಾರಿಯ ಉದ್ದ ಕೂದಲೆಳೆಯಷ್ಟೂ ವ್ಯತ್ಯಾಸವಿರಬಾರದು. ಇದ್ದರೆ ನಾವು ನೋಡಿದ್ದೇ ಬೇರೆ, ಸಿಕ್ಕಿದ್ದೇ ಬೇರೆ. ಇನ್ನು ಆ ಪರದೆ. ಫಿಲ್ಮ್ ಕಾಲದ ಕ್ಯಾಮೆರಾಗಳಲ್ಲಿ ಪರದೆಯ ನಡುವೆ ಒಂದು ಸಣ್ಣ ವೃತ್ತ ಇರುತ್ತಿತ್ತು. ಫೋಕಸ್ ತಪ್ಪಿದಾಗ ಗೆರೆ ಎರಡು ತುಂಡಾಗಿ ಕಾಣುತ್ತಿತ್ತು, ಸರಿಯಾದಾಗ ಕೂಡಿಕೊಳ್ಳುತ್ತಿತ್ತು. ಹಳೆಯ ಲೆನ್ಸನ್ನು ಕೈಯಲ್ಲಿ ತಿರುಗಿಸುವವರಿಗೆ ಅದು ಊರುಗೋಲು. ಆಟೋಫೋಕಸ್ ಬಂದ ಮೇಲೆ ಆ ವೃತ್ತವನ್ನು ತೆಗೆದು, ಪರದೆಯನ್ನು ಬೆಳ್ಳಗೆ ಹೊಳೆಯುವಂತೆ ಮಾಡಿದರು. ನೋಡಲು ಚಂದ. ಆದರೆ ಆ ಹೊಳಪಿನ ಪರದೆ ದೊಡ್ಡ ಬಾಯಿಯ ಲೆನ್ಸಿನ ನಿಜವಾದ ಮಸುಕನ್ನು ತೋರಿಸುವುದೇ ಇಲ್ಲ. ಎಫ್ 1.4ರಲ್ಲಿ ತೆಗೆದರೂ ಕಣ್ಣಿಗೆ ಎಫ್ 2.8ರ ಆಸುಪಾಸಿನ ಚಿತ್ರವೇ ಕಾಣುತ್ತದೆ. ಫೋಕಸ್ ತಪ್ಪಿದ್ದೂ ಸರಿಯಿದ್ದಂತೆ ಕಾಣುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ಇಲ್ಲಿ ಕನ್ನಡಿಯಿಂದಲೇ ಹುಣ್ಣು ಮುಚ್ಚಿಹೋಗುತ್ತಿತ್ತು.

ಕೆಳಗಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿ, ಫೋಕಸ್ ಸಿಕ್ಕಿತು ಎಂದು ಹೇಳುತ್ತದೆ, ನಿಜ. ಎಫ್ 5.6ರಲ್ಲಿ ನಂಬಬಹುದು. ಎಫ್ 2.5ರಲ್ಲಿ ಅದು ಸಂಬಂಧಿಕರ ಹೊಗಳಿಕೆಯ ಹಾಗೆ, ಬೇಗ ಹೊತ್ತುತ್ತದೆ.

ಕೆಲವು ವರ್ಷ ಕಳೆದು ಪೂರ್ಣ ಸೆನ್ಸರಿನ ಮಿರರ್‌ಲೆಸ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಅದಕ್ಕೂ ಹಳೆಯ ಲೆನ್ಸಿಗೂ ನಡುವೆ ಒಂದು ಅಡಾಪ್ಟರ್. ಅಡಾಪ್ಟರ್ ಎಂದರೆ ದೊಡ್ಡ ಯಂತ್ರವೇನಲ್ಲ. ಎರಡು ಬದಿಗೆ ಎರಡು ಬಗೆಯ ಮೌಂಟ್ ಇರುವ, ಒಳಗೆ ಏನೂ ಇಲ್ಲದ ಕೊಳವೆ. ಈ ಖಾಲಿ ಕೊಳವೆಗೆ ಯಾಕೆ ಇಷ್ಟು ಮಹತ್ವ ಎನ್ನುವುದೇ ಈ ಮಾತಿನ ತಿರುಳು.

ಪ್ರತಿ ಲೆನ್ಸಿಗೂ ತನ್ನ ಮೌಂಟಿನಿಂದ ಫಿಲ್ಮಿಗೆ ಅಥವಾ ಸೆನ್ಸರಿಗೆ ಇಷ್ಟೇ ದೂರ ಎಂದು ನಿಗದಿ ಇದೆ. ನಿಕಾನ್ ಎಫ್‌ಗೆ 46.5 ಮಿಲಿಮೀಟರ್. ರಷ್ಯಾ, ಜರ್ಮನಿ, ಜಪಾನಿನ ಎಷ್ಟೋ ಲೆನ್ಸುಗಳಿಗೆ ಇದ್ದ ಎಂ42 ಎಂಬ ತಿರುಪಿನ ಮೌಂಟಿಗೆ 45.46. ಕ್ಯಾನನ್ ಇಎಫ್‌ಗೆ 44. ಅದೇ ಕ್ಯಾನನ್ನಿನ ಹಳೆಯ ಎಫ್‌ಡಿಗೆ 42. ಇವೆಲ್ಲ ಇಷ್ಟು ಉದ್ದ ಇರಲು ಕಾರಣ ನಡುವೆ ಕನ್ನಡಿ ಏಳಬೇಕು, ಬೀಳಬೇಕು. ಅದಕ್ಕೆ ಜಾಗ ಬೇಕು. ಕನ್ನಡಿ ಹೋದ ಮೇಲೆ ಆ ಜಾಗ ಉಳಿಯಿತು. ಸೋನಿ ಇ ಮೌಂಟಿಗೆ 18, ನಿಕಾನ್ ಝಡ್‌ಗೆ 16, ಕ್ಯಾನನ್ ಆರ್‌ಎಫ್‌ಗೆ 20. ಹಾಗಾಗಿ 46.5 ಬೇಡುವ ನನ್ನ 105ಕ್ಕೂ 16ರ ನಿಕಾನ್ ಝಡ್‌ಗೂ ನಡುವೆ ಮೂವತ್ತೂವರೆ ಮಿಲಿಮೀಟರಿನ ಕೊಳವೆ ಹಾಕಿದರೆ ಲೆನ್ಸಿಗೆ ತಾನು ಹುಟ್ಟಿದ ಮನೆಯಲ್ಲೇ ಇದ್ದ ಹಾಗೆ.

ಡಿಎಸ್‌ಎಲ್‌ಆರ್‌ನಲ್ಲಿ ಈ ಗಣಿತ ಗಂಟು ಹಾಕಿಕೊಳ್ಳುತ್ತದೆ. ನಿಕಾನಿನ ಎಫ್ ಮೌಂಟಿಗೆ ಎಂ42 ಲೆನ್ಸ್ ಹಾಕಬೇಕಾದರೆ ಒಂದು ಮಿಲಿಮೀಟರ್ ಹಿಂದೆ ಹೋಗಬೇಕು; ಆದರೆ ಹಿಂದೆ ಗೋಡೆ. ಪರಿಣಾಮ, ದೂರದ್ದು ಏನೂ ಚೂಪಾಗುವುದಿಲ್ಲ. ಕ್ಯಾನನ್ನಿನ ಇಎಫ್ ಡಿಎಸ್‌ಎಲ್‌ಆರ್ 44ರದ್ದಾದ್ದರಿಂದ ಅದಕ್ಕೆ ಎಂ42 ಲೆನ್ಸ್ ಸೇರುತ್ತದೆ, ನಿಕಾನ್ ಲೆನ್ಸೂ ಸೇರುತ್ತದೆ. ಸೇರದೆ ಇರುವುದು ಅದರದೇ ಮನೆಯ ಹಳೆಯ ಎಫ್‌ಡಿ ಲೆನ್ಸ್! 1987ರಲ್ಲಿ ಕ್ಯಾನನ್ ಮೌಂಟ್ ಬದಲಿಸಿದಾಗ ಎಫ್‌ಡಿಯವರೆಲ್ಲ ನೆಂಟರ ಮನೆಯಲ್ಲಿ ಜಾಗ ಸಿಗದೆ ಅಂಗಳದಲ್ಲಿ ಉಳಿದರು. ಅವರ ವನವಾಸ ಮುಗಿದದ್ದು ಮಿರರ್‌ಲೆಸ್ ಬಂದ ಮೇಲೆ. ಅದೂ ಬಹುಪಾಲು ಪೂರ್ಣ ಸೆನ್ಸರಿನ ಸೋನಿ ಎ7 ಬಂದ 2013ರ ನಂತರ. ಕ್ಯಾನನ್ ಎಫ್‌ಡಿ 85 ಇರುವವರು ಯಾರಾದರೂ ಕೇಳುತ್ತಿದ್ದರೆ, ಡಿಎಸ್‌ಎಲ್‌ಆರ್ ವಿಚಾರವನ್ನು ಇಲ್ಲಿಗೇ ಬಿಡಿ.

ಈ ಎಂ42 ಗುಂಪಿನಲ್ಲಿ ಹೆಸರುವಾಸಿ ಹೀಲಿಯೋಸ್ 44. ಸೋವಿಯತ್ ಕಾಲದಲ್ಲಿ ಜೆನಿತ್ ಕ್ಯಾಮೆರಾದ ಜೊತೆ ಲಕ್ಷಗಟ್ಟಲೆ ಮಾಡಿದ 58 ಮಿಲಿಮೀಟರ್, ಎಫ್ 2ರ ಲೆನ್ಸ್. ಮೂಲ ಜರ್ಮನಿಯ ಜೈಸ್ ಬಯೋಟಾರ್‌ನದು. ಮುಖದ ಹಿಂದೆ ಎಲೆಗಳ ನಡುವಿನ ಬೆಳಕಿದ್ದರೆ ಆ ಚುಕ್ಕೆಗಳೆಲ್ಲ ಮಜ್ಜಿಗೆ ಕಡೆದಂತೆ ಸುತ್ತಿಕೊಳ್ಳುತ್ತವೆ. ನೂರು ಚಿತ್ರದಲ್ಲಿ ಐದಕ್ಕೆ ಇದು ಚಂದ. ಉಳಿದ ತೊಂಬತ್ತೈದರಲ್ಲಿ ನೋಡುವವರಿಗೆ ಸುಮ್ಮನೆ ತಲೆ ಸುತ್ತು. ನನ್ನ ಅಭಿಪ್ರಾಯ ಇದು; ಹೀಲಿಯೋಸ್ ಪ್ರಿಯರು ಬೈದುಕೊಳ್ಳಲಿ.

ಮಿರರ್‌ಲೆಸ್ ಹಿಡಿದು ಅಜ್ಜಿಯ ಮುಂದೆ ಕೂತ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಒಂದು ಗುಂಡಿ ಒತ್ತಿದೆ. ಅಜ್ಜಿಯ ಬಲಗಣ್ಣು ಇಡೀ ಚೌಕಟ್ಟಿನಷ್ಟು ದೊಡ್ಡದಾಯಿತು. ಉಂಗುರ ತಿರುಗಿಸಿದೆ. ರೆಪ್ಪೆ ಒಂದೊಂದಾಗಿ ಬಿಡಿಸಿಕೊಂಡಿತು. ಪೊರೆಯ ತೆಳು ನೀಲಿ. ಅದರ ಮೇಲೆ ಜಗಲಿಯ ಮೂರು ಕಂಬ, ಅಂಗಳದ ಬೆಳಕು, ನಡುವೆ ಕಪ್ಪು ಗುಡ್ಡೆಯ ಹಾಗೆ ಕೂತ ನಾನು. ಈ ಕಣ್ಣನ್ನು ನಾನು ಹುಟ್ಟಿದಾಗಿಂದ ನೋಡಿದ್ದೆ. ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಇಲ್ಲಿ ಎರಡನೆಯ ದಾರಿ ಇಲ್ಲ. ಚಿತ್ರ ಬೀಳುವ ಸೆನ್ಸರೇ ಚಿತ್ರ ತೋರಿಸುತ್ತದೆ. ಚೂಪು ಕಂಡರೆ ಚೂಪು, ಮಸುಕು ಕಂಡರೆ ಮಸುಕು. ಅಳತೆಗೂ ತೊಂದರೆಯಿಲ್ಲ, ಲೆನ್ಸಿಗೆ ಮಾತು ಬರದಿದ್ದರೂ ಒಳಗೆ ಬಿದ್ದ ಬೆಳಕನ್ನೇ ಕ್ಯಾಮೆರಾ ಅಳೆದುಕೊಳ್ಳುತ್ತದೆ. ಸೆನ್ಸರನ್ನೇ ಅಲುಗಾಡಿಸಿ ಕೈನಡುಕವನ್ನು ಸರಿಮಾಡುವ ವ್ಯವಸ್ಥೆಯೂ ಈಗಿನ ಎಷ್ಟೋ ಮಿರರ್‌ಲೆಸ್‌ಗಳಲ್ಲಿದೆ. 105 ಎಂದು ಮೆನುವಿನಲ್ಲಿ ಹೇಳಿಕೊಡಬೇಕು, ಅಷ್ಟೆ. ಅರುವತ್ತರ ದಶಕದ ಲೆನ್ಸಿಗೆ ಕೈನಡುಕದ ಔಷಧಿ ಸಿಕ್ಕಿದ್ದು ಹೀಗೆ.

ಎಲ್ಲವೂ ಹೂವಿನ ಹಾಸಿಗೆಯೇನಲ್ಲ. ಕಣ್ಣನ್ನು ಹಿಗ್ಗಿಸಿ ನೋಡುವಾಗ ಉಳಿದ ಮುಖ ಕಾಣುವುದಿಲ್ಲ. ಅಜ್ಜಿ ನಗು ಶುರುಮಾಡಿದ್ದು ನನಗೆ ಗೊತ್ತಾಗುವುದೇ ರೆಪ್ಪೆಯ ಪಕ್ಕದ ಸುಕ್ಕು ನೋಡಿ. ಅಂಚುಗಳಿಗೆ ಕೆಂಪು ಬಣ್ಣ ಬಳಿದು ಫೋಕಸ್ ಎಲ್ಲಿದೆ ಎಂದು ತೋರಿಸುವ ಪೀಕಿಂಗ್ ಎಂಬ ಉಪಾಯ ಇದೆ. ಬೇಗ ಆಗುತ್ತದೆ, ಆದರೆ ಅದು ಧಾರಾಳಿ. ರೆಪ್ಪೆಗೂ ಹುಬ್ಬಿಗೂ ಮೂಗಿನ ಬೊಟ್ಟಿಗೂ ಒಟ್ಟಿಗೇ ಕುಂಕುಮ ಹಚ್ಚಿಬಿಡುತ್ತದೆ. ಪೀಕಿಂಗ್‌ನಲ್ಲಿ ಸುಮಾರಿಗೆ ಹಿಡಿದು, ಹಿಗ್ಗಿಸಿ ಖಚಿತ ಮಾಡಿಕೊಂಡು, ತಕ್ಷಣ ಹಿಗ್ಗಿದ್ದನ್ನು ಕುಗ್ಗಿಸಿ, ಮುಖಭಾವಕ್ಕೆ ಕಾಯಬೇಕು. ಕಾಯುವಾಗ ನೀವೂ ಅಲುಗಬಾರದು, ಎದುರಿನವರೂ ಅಲುಗಬಾರದು. ಕವಳ ಮುಗಿಯಲಿ ಎಂದು ಕಾಯುವುದನ್ನು ನಾನು ಕಲಿತದ್ದು ಇಲ್ಲೇ.

ಇನ್ನೊಂದು ಸಂಗತಿಯಲ್ಲಿ ಡಿಎಸ್‌ಎಲ್‌ಆರ್ ಇವತ್ತಿಗೂ ಮೇಲುಗೈ. ಅದರಲ್ಲಿ ಅದೇ ಮೌಂಟಿನ ಹಳೆಯ ಲೆನ್ಸ್ ಹಾಕಿದರೆ, ನೀವು ಉಂಗುರವನ್ನು 5.6ಕ್ಕೆ ಇಟ್ಟಿದ್ದರೂ ನೋಡುವಾಗ ಬಾಯಿ ಪೂರ್ತಿ ತೆರೆದೇ ಇರುತ್ತದೆ. ಗುಂಡಿ ಒತ್ತಿದ ಕ್ಷಣ ಒಂದು ಸನ್ನೆ ಅದನ್ನು 5.6ಕ್ಕೆ ಮುಚ್ಚಿ, ಮತ್ತೆ ತೆರೆಯುತ್ತದೆ. ಖಾಲಿ ಕೊಳವೆಯ ಮಿರರ್‌ಲೆಸ್‌ನಲ್ಲಿ ಈ ಸೇವೆ ಇಲ್ಲ. 5.6ಕ್ಕೆ ಇಟ್ಟರೆ ನೋಡುವಾಗಲೂ 5.6. ವ್ಯೂಫೈಂಡರ್ ಬೆಳಕನ್ನು ಹಿಗ್ಗಿಸಿ ತೋರಿಸುತ್ತದೆ, ಆದರೆ ಚೂಪಿನ ಪದರ ದಪ್ಪವಾದ್ದರಿಂದ ನಡುಮಧ್ಯ ಎಲ್ಲಿ ಎಂದು ಹಿಡಿಯುವುದು ಕಷ್ಟ. ಆದ್ದರಿಂದ 2.5ರಲ್ಲಿ ಫೋಕಸ್ ಮಾಡಿ ಆಮೇಲೆ ಮುಚ್ಚಬೇಕು. ಆಗ ಉಪಯೋಗಕ್ಕೆ ಬರುವುದು ನಾನು ಮೊದಲು ಕೇಳಿಸಿದ ಸದ್ದು. ಟಿಕ್ ಅಂದರೆ 4. ಟಿಕ್ ಟಿಕ್ ಅಂದರೆ 5.6. ಕಣ್ಣು ತೆಗೆಯದೆ ಕಿವಿಯಲ್ಲೇ ಲೆಕ್ಕ. ಇಲ್ಲೂ ಒಂದು ಕಿರಿಕಿರಿ ಇದೆ: ಎಫ್ 1.4, 1.2ರ ಕೆಲವು ಹಳೆಯ ಲೆನ್ಸುಗಳಲ್ಲಿ ಬಾಯಿ ಮುಚ್ಚಿದಂತೆ ಫೋಕಸ್ ಕೂಡ ಕೊಂಚ ಹಿಂದೆ ಸರಿಯುತ್ತದೆ. ಅಂಥವನ್ನು ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡುವುದು ವಾಸಿ. ನನ್ನ 105 ಆ ಚೇಷ್ಟೆ ಮಾಡಿದ್ದನ್ನು ನಾನು ಕಂಡಿಲ್ಲ.

ಸದ್ದಿನ ಮಾತು ಬಂತು. ಮಿರರ್‌ಲೆಸ್‌ನಲ್ಲಿ ಪೂರ್ತಿ ನಿಶ್ಶಬ್ದವಾಗಿ ತೆಗೆಯುವ ಶಟರ್ ಇರುತ್ತದೆ. ಮೊದಲ ದಿನ ಉತ್ಸಾಹದಲ್ಲಿ ಅದನ್ನೇ ಹಾಕಿದ್ದೆ. ಹತ್ತು ಹನ್ನೆರಡು ತೆಗೆದಾಗಿತ್ತು. ಅಜ್ಜಿ ಬಾಯಿಯ ಕವಳವನ್ನು ಒಂದು ಬದಿಗೆ ಒತ್ತಿ, "ಆತಾ ಮಾಣಿ? ಕುತ್ತಿಗೆ ನೋಯ್ತು" ಅಂದಳು. ಅವಳಿಗೆ ಠಪ್ ಎಂಬ ಸದ್ದು ಕೇಳದಿದ್ದರೆ ಫೋಟೋ ತೆಗೆದಂತೆಯೇ ಅಲ್ಲ. ಆ ಸದ್ದು ಬಂದ ಕೂಡಲೇ ಅವಳ ಭುಜ ಸಡಿಲಾಗುತ್ತಿತ್ತು. ನನ್ನ ಒಳ್ಳೆಯ ಚಿತ್ರಗಳೆಲ್ಲ ಆ ಸಡಿಲಾದ ಮರುಕ್ಷಣದವು. ಮಾರನೆಯ ದಿನವೇ ಸದ್ದಿನ ಶಟರಿಗೆ ಮರಳಿದೆ. ಅದಕ್ಕೆ ಇನ್ನೊಂದು ಕಾರಣವೂ ಉಂಟು. ಎಲ್‌ಇಡಿ ಬಲ್ಬಿನ ಕೆಳಗೆ ನಿಶ್ಶಬ್ದ ಶಟರ್ ಬಳಸಿದರೆ ಎಷ್ಟೋ ಸಲ ಮುಖದ ಮೇಲೆ ಅಡ್ಡಡ್ಡ ಪಟ್ಟೆ ಬೀಳುತ್ತದೆ.

ಆಟೋಫೋಕಸ್ ಇರುವ ಹಳೆಯ ಲೆನ್ಸುಗಳ ಕಥೆ ಬೇರೆ. ಕ್ಯಾನನ್ ಇಎಫ್ ಲೆನ್ಸಿನೊಳಗೇ ಮೋಟಾರು ಇರುವುದರಿಂದ ಕಂಪನಿಯದೇ ಅಡಾಪ್ಟರ್ ಹಾಕಿದರೆ ಆರ್‌ಎಫ್ ಕ್ಯಾಮೆರಾಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣು ಹುಡುಕಿ ಫೋಕಸ್ ಮಾಡುವುದೂ ಸಿಗುತ್ತದೆ. ನಿಕಾನಿನ 85 ಎಫ್ 1.8 ಡಿ ತರಹದ ಲೆನ್ಸುಗಳಿಗೆ ಸ್ವಂತ ಮೋಟಾರಿಲ್ಲ. ಕ್ಯಾಮೆರಾದಿಂದ ಒಂದು ಸ್ಕ್ರೂಡ್ರೈವರಿನಂಥ ಮೊಳೆ ಬಂದು ತಿರುಗಿಸಬೇಕು. ಡಿ90, ಡಿ7000, ಡಿ750ರಲ್ಲಿ ಆ ಮೊಳೆ ಇದೆ. ಝಡ್ ಕ್ಯಾಮೆರಾಗಳಿಗೆ ನಿಕಾನ್ ಕೊಡುವ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಇಲ್ಲ. ಅಲ್ಲಿ ನಿಮ್ಮ ಆಟೋಫೋಕಸ್ ಲೆನ್ಸ್ ಕೈಫೋಕಸ್ ಲೆನ್ಸ್ ಆಗುತ್ತದೆ. ಮದುವೆಮನೆಯಲ್ಲಿ ದುಡಿಯುವ ತಮ್ಮಂದಿರು ಇದನ್ನು ಗೊತ್ತುಮಾಡಿಕೊಂಡೇ ಡಿಎಸ್‌ಎಲ್‌ಆರ್ ಮಾರಬೇಕು. ಧಾರೆಯ ಹೊತ್ತಿನಲ್ಲಿ ಉಂಗುರ ತಿರುಗಿಸುತ್ತಾ ನಿಂತರೆ ಪುರೋಹಿತರು ಕಾಯುವುದಿಲ್ಲ.

ಅಡಾಪ್ಟರಿನ ವಿಷಯದಲ್ಲಿ ನಾನು ಸುಟ್ಟುಕೊಂಡವನು. ಅತಿ ಅಗ್ಗದ್ದೊಂದು ತರಿಸಿದೆ. ಲೆನ್ಸ್ ಹಾಕಿದರೆ ಹಳೆಯ ಕೊಡೆಯ ಹಿಡಿಯ ಹಾಗೆ ಅಲ್ಲಾಡುತ್ತಿತ್ತು. ಒಳಗೋಡೆ ಕಪ್ಪಗಿದ್ದರೂ ನುಣುಪು. ಅಂಗಳದ ಬೆಳಕು ಅದರ ಮೇಲೆ ಪ್ರತಿಫಲಿಸಿ ಅಜ್ಜಿಯ ಕಪ್ಪು ಅಂಚಿನ ಸೀರೆಯೆಲ್ಲ ಬೂದಿ ಬಳಿದಂತೆ ಬಂತು. ಎಷ್ಟು ದಿನ ಲೆನ್ಸನ್ನೇ ಬೈದೆನೋ! ಕೊನೆಗೆ ಕೊಳವೆಯೊಳಗೆ ಕಪ್ಪು ವೆಲ್ವೆಟ್ ಕಾಗದ ಅಂಟಿಸಿದ ಮೇಲೆ ಕಪ್ಪು ಕಪ್ಪಾಯಿತು. ಹಳೆಯ ಲೆನ್ಸುಗಳ ಲೇಪನ ಮೊದಲೇ ತೆಳು. ಎದುರು ಬೆಳಕಿಗೆ ಮೊದಲೇ ಮಂಕಾಗುವ ಸ್ವಭಾವ. ಅದಕ್ಕೆ ಹುಡ್ ಹಾಕದೆ ತೆಗೆಯುವುದು ಮಳೆಗಾಲದಲ್ಲಿ ಕಂಬಳಿ ಇಲ್ಲದೆ ತೋಟಕ್ಕೆ ಹೋದ ಹಾಗೆ.

ಹೊಸ ಸೆನ್ಸರಿಗೆ ಹಳೆಯ ಗಾಜು ಸಾಲುತ್ತದೆಯೇ ಎಂದು ಕೇಳುತ್ತಾರೆ. ಭೂದೃಶ್ಯ ತೆಗೆಯುವವರು ಆ ಪ್ರಶ್ನೆ ಕೇಳಲಿ. ಪೂರ್ತಿ ತೆರೆದಾಗ ಬಿಳಿ ಕೂದಲಿನ ಅಂಚಿಗೆ ತುಸು ನೇರಳೆ ಬಣ್ಣ ಬರುತ್ತದೆ, ಒಂದು ಟಿಕ್ ಮುಚ್ಚಿದರೆ ಬಹಳಷ್ಟು ಹೋಗುತ್ತದೆ. ಮೂಲೆಗಳು ಮೆತ್ತಗಿರುತ್ತವೆ, ಮುಖಚಿತ್ರದ ಮೂಲೆಯಲ್ಲಿ ಯಾರಿರುತ್ತಾರೆ? ಎಂಬತ್ತು ದಾಟಿದವರ ಚರ್ಮದ ಒಂದೊಂದು ರಂಧ್ರವನ್ನೂ ಎಣಿಸಿ ಕೊಡುವ ಹೊಸ ಲೆನ್ಸಿಗಿಂತ, ಕಣ್ಣನ್ನು ಚೂಪಾಗಿಟ್ಟು ಕೆನ್ನೆಯನ್ನು ಮೆದುವಾಗಿ ಬಿಡುವ ಈ ಲೆನ್ಸ್ ನನಗೆ ಸಾಕು.

ಹಾಗಾದರೆ ಯಾವುದು ಕೊಳ್ಳಬೇಕು? ನಿಮ್ಮ ಹತ್ತಿರ ನಾಲಗೆಯಿರುವ ನಿಕಾನ್ ಡಿಎಸ್‌ಎಲ್‌ಆರ್ ಇದ್ದು, ಅದೇ ಮೌಂಟಿನ, ಆ ನಾಲಗೆಗೆ ಒಗ್ಗುವ ಹಳೆಯ ಲೆನ್ಸ್ ಇದ್ದರೆ ಏನೂ ಕೊಳ್ಳಬೇಡಿ. ಲೈವ್ ವ್ಯೂ ಹಾಕಿ, ಹಿಂದಿನ ಪರದೆಯಲ್ಲಿ ಕಣ್ಣನ್ನು ಹಿಗ್ಗಿಸಿ, ಸ್ಟ್ಯಾಂಡಿನ ಮೇಲಿಟ್ಟು ತೆಗೆಯಿರಿ. ಆಗ ಡಿಎಸ್‌ಎಲ್‌ಆರ್ ಕೂಡ ಕನ್ನಡಿಯನ್ನು ಮೇಲೆತ್ತಿಕೊಂಡು ಮಿರರ್‌ಲೆಸ್ಸೇ ಆಗಿರುತ್ತದೆ. ಇದು ನನಗೆ ನಾಲ್ಕು ವರ್ಷ ಮೊದಲೇ ಹೊಳೆದಿದ್ದರೆ ದುಡ್ಡು ಉಳಿಯುತ್ತಿತ್ತು. ಬೇರೆ ಬೇರೆ ಕಂಪನಿಯ ಹಳೆಯ ಲೆನ್ಸುಗಳನ್ನು ಕೈಯಲ್ಲಿ ಹಿಡಿದು, ಓಡಾಡುತ್ತಾ, ಮಂದ ಬೆಳಕಿನಲ್ಲಿ ಮುಖ ತೆಗೆಯುವ ಆಸೆಯಿದ್ದರೆ ಮಿರರ್‌ಲೆಸ್ ಕೊಳ್ಳಿ, ಪೂರ್ಣ ಸೆನ್ಸರಿನದೇ ಕೊಳ್ಳಿ. ಚಿಕ್ಕ ಸೆನ್ಸರಿನಲ್ಲಿ 105 ಮಿಲಿಮೀಟರಿನ ನೋಟ ಸುಮಾರು 158ರದ್ದಾಗಿ, ಭುಜದವರೆಗೆ ಹಿಡಿಯಬೇಕೆಂದರೆ ಜಗಲಿಯಿಂದ ಹಿಂದೆ ಸರಿದು ಅಂಗಳದ ಅಡಿಕೆಯ ಮೇಲೆ ಕಾಲಿಡಬೇಕಾಗುತ್ತದೆ. ಆಮೇಲೆ ಅಜ್ಜಿಯ ಬೈಗುಳವೂ ಚಿತ್ರದ ಜೊತೆಗೆ ಬರುತ್ತದೆ.

ಅಜ್ಜಿ ಈಗ ಇಲ್ಲ. ಆ ಬಲಗಣ್ಣಿನ ಚಿತ್ರ ಜಗಲಿಯ ಗೋಡೆಯ ಮೇಲಿದೆ. ಲೆನ್ಸ್ ನನ್ನ ಬಳಿ ಇದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ.

ಕೊನೆಗೆ ಮಲೆನಾಡು, ಕರಾವಳಿಯ ಕೇಳುಗರಲ್ಲಿ ಒಂದು ವಿನಂತಿ. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಫಂಗಸ್ ಬೆಳೆಯುತ್ತದೆ. ಚರ್ಮದ ಚೀಲದಲ್ಲಿ ಇಟ್ಟಿದ್ದರೆ ಇನ್ನೂ ಬೇಗ. ನಿಮ್ಮ ಮನೆಯಲ್ಲಿ ಅಪ್ಪನದೋ ಅಜ್ಜನದೋ ಹಳೆಯ ಕ್ಯಾಮೆರಾ ಇದ್ದರೆ ಜೂನ್ ಬರುವುದರೊಳಗೆ ಹೊರಗೆ ತೆಗೆಯಿರಿ. ಲೆನ್ಸ್ ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬಲೆ ಕಂಡರೆ ರಿಪೇರಿಯವರಿಗೆ ಈಗಲೇ ಕೊಡಿ. ಒಂದು ಮಳೆಗಾಲ ಕಳೆದರೆ ಅದು ಲೇಪನವನ್ನು ತಿಂದು ಗಾಜಿಗೆ ಇಳಿಯುತ್ತದೆ. ಗಾಜು ತಿಳಿಯಾಗಿದ್ದರೆ ಮೌಂಟಿನ ಹೆಸರು ಕೇಳಿ ತಿಳಿದುಕೊಂಡು ಒಂದು ಅಡಾಪ್ಟರ್ ತರಿಸಿ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ನಾಳೆ ಬೆಳಿಗ್ಗೆಯೇ ಜಗಲಿಯಲ್ಲಿ ಕೂರಿಸಿ.